ನಾಲ್ಕನೇ ಡಾಕ್ಟರ್‌ನ ಸ್ಕಾರ್ಫ್ ಬಣ್ಣಗಳಲ್ಲಿ ಬೆಚ್ಚನೆಯ ಕಿವಿಪಟ್ಟಿ: ಹೆಣೆಯುವವರಿಗೆ ಸಮಗ್ರ ಮಾರ್ಗದರ್ಶಿ

ಬ್ರಿಟನ್ನಿನ 'ಡಾಕ್ಟರ್ ಹೂ' ಧಾರಾವಾಹಿಯನ್ನು ಒಂದೆರಡು ಕಂತು ನೋಡಿದವರಿಗೂ ಆ ಸ್ಕಾರ್ಫ್ ಗೊತ್ತಿರುತ್ತದೆ. ಕತ್ತಿಗೆ ಎರಡು ಸುತ್ತು ಹಾಕಿದರೂ ಮೊಣಕಾಲಿನ ಕೆಳಗೆ ಇಳಿಬೀಳುವ, ಬಣ್ಣಬಣ್ಣದ ಪಟ್ಟೆಗಳ ಉದ್ದನೆಯ ಸ್ಕಾರ್ಫ್. ಧಾರಾವಾಹಿಯ ನಾಯಕನನ್ನು ಕರೆಯುವುದೇ ಡಾಕ್ಟರ್ ಎಂದು, ಆ ಪಾತ್ರವನ್ನು ಒಬ್ಬರಾದ ಮೇಲೆ ಒಬ್ಬರಂತೆ ಬೇರೆಬೇರೆ ನಟರು ಮಾಡಿದ್ದಾರೆ. ಟಾಮ್ ಬೇಕರ್ 1974ರಿಂದ 1981ರವರೆಗೆ ನಾಲ್ಕನೇ ಡಾಕ್ಟರ್ ಆಗಿ ಅದನ್ನು ತೊಟ್ಟರು. ಹೆಣಿಗೆ ಮಾಡುವ ಅಭಿಮಾನಿಗಳು ಇವತ್ತಿಗೂ ಅದನ್ನು ಹೆಣೆಯುತ್ತಲೇ ಇದ್ದಾರೆ. ಆದರೆ ಇಡೀ ಸ್ಕಾರ್ಫ್ ಮುಗಿಸಲು ತಿಂಗಳುಗಳೇ ಬೇಕಾಗಬಹುದು. ಅದೇ ಬಣ್ಣ, ಅದೇ ಹೆಣಿಗೆಯಲ್ಲಿ ಕಿವಿ ಮುಚ್ಚುವ ಒಂದು ಪಟ್ಟಿಯಾದರೆ ಕೆಲವು ಸಂಜೆಗಳಲ್ಲಿ ಮುಗಿಯುತ್ತದೆ. ಈ ಲೇಖನ ಅದಕ್ಕಾಗಿ.

ಕಡ್ಡಿ ಹಿಡಿದೇ ಗೊತ್ತಿಲ್ಲದವರೂ ಇದನ್ನು ಮಾಡಬಹುದು. ಮೂಲ ಸ್ಕಾರ್ಫ್ ಪೂರ್ತಿಯಾಗಿ ಗಾರ್ಟರ್ ಹೆಣಿಗೆಯಲ್ಲಿದೆ. ಅಂದರೆ ಹೋಗುವಾಗಲೂ ನಿಟ್ (ಸೀದಾ ಹೆಣಿಗೆ), ಬರುವಾಗಲೂ ನಿಟ್. ಪರ್ಲ್ (ಉಲ್ಟಾ ಹೆಣಿಗೆ) ಇಲ್ಲ, ಜಡೆ ವಿನ್ಯಾಸ ಇಲ್ಲ, ಕುಣಿಕೆ ಹೆಚ್ಚಿಸುವುದು ಕಡಿಮೆ ಮಾಡುವುದು ಇಲ್ಲ. ಒಂದೇ ಒಂದು ಹೆಣಿಗೆ ಕಲಿತರೆ ಸಾಕು.

ಆ ಸ್ಕಾರ್ಫ್ ಹಾಗೆ ಯಾಕಿದೆ

ಇದು ಗೊತ್ತಿದ್ದರೆ ಹೆಣೆಯುವಾಗ ಏನನ್ನು ಉಳಿಸಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ. ಡಾಕ್ಟರ್‌ನ ಹೊಸ ಉಡುಪಿನ ಹೊಣೆ ಹೊತ್ತವರು ವಸ್ತ್ರವಿನ್ಯಾಸಕ ಜೇಮ್ಸ್ ಅಚೆಸನ್. ಫ್ರೆಂಚ್ ಕಲಾವಿದ ತುಲೂಸ್-ಲೊತ್ರೆಕ್ ಬರೆದ ಹಾಡುಗಾರ ಅರಿಸ್ತಿದ್ ಬ್ರುವಾನ್‌ನ ಪೋಸ್ಟರುಗಳು ಅವರ ಮನಸ್ಸಿನಲ್ಲಿದ್ದವು. ಅಗಲ ಟೋಪಿ, ಕಡು ಬಣ್ಣದ ಕೋಟು, ಕತ್ತಿನಿಂದ ಇಳಿದ ಕೆಂಪು ಸ್ಕಾರ್ಫ್. ಅಚೆಸನ್ ಹಲವು ಬಣ್ಣದ ಉಣ್ಣೆ ನೂಲನ್ನು ಬಿಗೋನಿಯಾ ಪೋಪ್ ಎಂಬ ಹೆಣಿಗೆಗಾರ್ತಿಗೆ ಕೊಟ್ಟರು. ಬೇಕಾದಷ್ಟನ್ನು ಆರಿಸಿಕೊಳ್ಳಲಿ ಅಂತ ಜಾಸ್ತಿಯೇ ಕೊಟ್ಟಿದ್ದರು. ಆಕೆ ಕೊಟ್ಟ ನೂಲನ್ನೆಲ್ಲ ಹೆಣೆದುಬಿಟ್ಟರು. ಬಂದದ್ದು ಯಾರೂ ಎಣಿಸಿರದಷ್ಟು ಉದ್ದದ ಸ್ಕಾರ್ಫ್. ಟಾಮ್ ಬೇಕರ್‌ಗೆ ಅದು ಹಾಗೆಯೇ ಇಷ್ಟವಾಯಿತು. 1974ರ ಡಿಸೆಂಬರ್ 28ರಂದು ಪ್ರಸಾರವಾದ ಬೇಕರ್ ಅವರ ಮೊದಲ ಕಂತಿನಿಂದಲೇ ಅದು ಆ ಪಾತ್ರದ ಗುರುತಾಯಿತು.

ಹಾಗಾಗಿ ಪಟ್ಟೆಗಳ ಅಗಲಕ್ಕೆ ಯಾವ ಲೆಕ್ಕಾಚಾರವೂ ಇಲ್ಲ. ಒಂದು ಪಟ್ಟೆ ಬೆರಳಿನಷ್ಟು, ಪಕ್ಕದ್ದು ಅಂಗೈಯಷ್ಟು. ಇಡೀ ಸ್ಕಾರ್ಫಿನ ಜೀವ ಇರುವುದು ಅಲ್ಲಿ. ಹೊಸಬರು ಮೊದಲು ಮಾಡುವ ಕೆಲಸವೆಂದರೆ ಎಲ್ಲ ಪಟ್ಟೆಗಳನ್ನೂ ಒಂದೇ ಅಗಲಕ್ಕೆ ತಂದು 'ಚೆಂದ' ಮಾಡುವುದು. ದಯವಿಟ್ಟು ಮಾಡಬೇಡಿ. ಸಮ ಪಟ್ಟೆಗಳಾದರೆ ಅದು ಯಾವುದೋ ಶಾಲೆಯ ಸಮವಸ್ತ್ರದ ಮಫ್ಲರ್‌ನಂತೆ ಕಾಣುತ್ತದೆ. ಕೆಳಗೆ ಕೊಟ್ಟಿರುವ ಲೆಕ್ಕ ಮೂಲದ ನಕಲಲ್ಲ. ಕಿವಿಪಟ್ಟಿಯ ಉದ್ದಕ್ಕೆ ಹೊಂದುವಂತೆ ನಾನು ಹೊಸದಾಗಿ ಹಾಕಿದ್ದು. ಆದರೆ ಆ ಏರುಪೇರನ್ನು ಬೇಕೆಂದೇ ಇಟ್ಟುಕೊಂಡಿದ್ದೇನೆ.

ಬಣ್ಣಗಳು

ಏಳು ಬಣ್ಣ ಬೇಕು: ನೇರಳೆ, ಒಂಟೆಬಣ್ಣ, ಕಂಚು, ಸಾಸಿವೆ ಹಳದಿ, ತುಕ್ಕು ಕೆಂಪು, ಬೂದು, ಕಂದು ಬೆರೆತ ಹಸಿರು. ಎಲ್ಲವೂ ಸ್ವಲ್ಪ ಮಾಸಿದಂತೆ ಇರಬೇಕು. ಅಂಗಡಿಯಲ್ಲಿ ಗಿಳಿಹಸಿರು, ನಿಂಬೆ ಹಳದಿ, ಕಣ್ಣು ಕುಕ್ಕುವ ನೇರಳೆ ಸುಲಭವಾಗಿ ಸಿಗುತ್ತವೆ. ಅವನ್ನು ಬಿಡಿ. ಹಸಿರು ಸಿಗದಿದ್ದರೆ ಸೇನೆಯ ಉಡುಪಿನ ಹಸಿರನ್ನು ಕೇಳಿ. ಕಂಚು ಸಿಗದಿದ್ದರೆ ತಿಳಿ ಕಾಫಿ ಬಣ್ಣ ನಡೆಯುತ್ತದೆ. ಆದರೆ ಕಂಚು ಮತ್ತು ಒಂಟೆಬಣ್ಣ ಪಕ್ಕಪಕ್ಕ ಬರುತ್ತವೆ. ಎರಡೂ ಒಂದೇ ಥರ ಕಂಡರೆ ಪಟ್ಟೆ ಮಾಯವಾಗುತ್ತದೆ. ಎರಡು ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿ. ಅದರಲ್ಲೂ ಬೇರೆಬೇರೆ ಕಂಡರೆ ಸರಿ.

ಛಾಯೆಯ ಬಗ್ಗೆ ಅಭಿಮಾನಿಗಳಲ್ಲಿ ವಾದ ನಡೆಯುತ್ತಲೇ ಇರುತ್ತದೆ. ಧಾರಾವಾಹಿ ತಯಾರಿಸಿದ ಬಿಬಿಸಿಯಲ್ಲಿ ಆ ಕಾಲದಲ್ಲಿ ಸ್ಟುಡಿಯೊ ದೃಶ್ಯಗಳನ್ನು ವಿಡಿಯೊದಲ್ಲಿ, ಹೊರಾಂಗಣ ದೃಶ್ಯಗಳನ್ನು ಹೆಚ್ಚಾಗಿ ಫಿಲ್ಮಿನಲ್ಲಿ ತೆಗೆಯುತ್ತಿದ್ದರು. ಒಂದೇ ನೂಲು ಎರಡರಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ. ಆದ್ದರಿಂದ 'ಇದೇ ಸರಿಯಾದ ನೇರಳೆ' ಅಂತ ಹುಡುಕಿಕೊಂಡು ಹತ್ತು ಅಂಗಡಿ ಸುತ್ತುವ ಅಗತ್ಯವಿಲ್ಲ. ಏಳೂ ಒಟ್ಟಿಗೆ ಇಟ್ಟಾಗ ಹಳೆಯ, ಬೆಚ್ಚನೆಯ ಭಾವ ಬಂದರೆ ಸಾಕು.

ನೂಲು

ಕಿವಿಪಟ್ಟಿ ಹಣೆಗೂ ಕಿವಿಯ ಹಿಂಭಾಗಕ್ಕೂ ತಾಗುತ್ತದೆ. ಎರಡೂ ಸೂಕ್ಷ್ಮ ಜಾಗ. ಆದ್ದರಿಂದ ಮೊದಲ ಪರೀಕ್ಷೆ ಕೈಯಿಂದಲ್ಲ, ಕತ್ತಿನಿಂದ. ಉಂಡೆಯನ್ನು ಕಿವಿಯ ಕೆಳಗೆ, ಕತ್ತಿನ ಪಕ್ಕ ಒಂದು ನಿಮಿಷ ಒತ್ತಿ ಹಿಡಿಯಿರಿ. ಚುಚ್ಚಿದರೆ ಅದು ಬೇಡ. ಮೆರಿನೊ ತಳಿಯ ಕುರಿಯ ಉಣ್ಣೆ ಎಳೆ ಸಣ್ಣದಿರುವುದರಿಂದ ಸಾಮಾನ್ಯವಾಗಿ ಚುಚ್ಚುವುದಿಲ್ಲ. ನಮ್ಮ ಕಂಬಳಿಗೆ ಬಳಸುವ ದಖ್ಖನಿ ಕುರಿಯ ಉಣ್ಣೆ ಗಟ್ಟಿ, ಬಾಳಿಕೆ ಜಾಸ್ತಿ. ಆದರೆ ಅದರ ಎಳೆ ಒರಟು. ಹೊದೆಯಲು ಅದು ಸೊಗಸು, ಕಿವಿಗೆ ಹೊಂದುವುದಿಲ್ಲ.

ಅಕ್ರಿಲಿಕ್ ಎಂಬ ಕೃತಕ ನೂಲು ಅಗ್ಗ, ಬಣ್ಣಗಳು ಜಾಸ್ತಿ, ಯಂತ್ರದಲ್ಲಿ ತೊಳೆಯಬಹುದು. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ, ಮಡಿಕೇರಿ ಚಿಕ್ಕಮಗಳೂರಿನ ಚಳಿಗೆ ಅದು ಸಾಕು. ಹಿಮ ಬೀಳುವ ಊರಲ್ಲಿ ಇರುವವರಿಗೆ, ಲೇಹ್ ಮನಾಲಿಗೆ ಹೊರಟವರಿಗೆ ಉಣ್ಣೆ, ಇಲ್ಲವೇ ಉಣ್ಣೆ-ಅಕ್ರಿಲಿಕ್ ಮಿಶ್ರಣ ಒಳ್ಳೆಯದು. ಉಣ್ಣೆ ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹೀರಿದರೂ ಒದ್ದೆಯೆನಿಸುವುದಿಲ್ಲ. ಬೆವರಿದ ಮೇಲೆ ಗಾಳಿ ಬೀಸಿದರೆ ಕಿವಿ ಕೊರೆಯುವುದಿಲ್ಲ. ಅಕ್ರಿಲಿಕ್‌ನಲ್ಲಿ ಆ ಗುಣ ಇಲ್ಲ.

ದಪ್ಪ ಎಷ್ಟಿರಬೇಕು? ಲೇಬಲ್ ಮೇಲೆ ಎಷ್ಟು ಪ್ಲೈ ಎಂದು ಬರೆದಿರುವುದನ್ನು ನಂಬಿಕೊಳ್ಳಬೇಡಿ. ಅದು ಹಲವು ಸಲ ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಎಂಬುದನ್ನು ಮಾತ್ರ ಹೇಳುತ್ತದೆ. ಶಿಫಾರಸು ಮಾಡಿದ ಕಡ್ಡಿಯ ಅಳತೆ ನೋಡಿ. 4 ಮಿ.ಮೀ. ಎಂದಿದ್ದರೆ ತೆಗೆದುಕೊಳ್ಳಿ. ಡಿಕೆ (ಡಬಲ್ ನಿಟಿಂಗ್) ಎಂದು ಕರೆಯುವ ನೂಲು ಇದೇ. ಏಳೂ ಬಣ್ಣ ಒಂದೇ ಕಂಪನಿಯ ಒಂದೇ ಬಗೆಯದಾಗಿರಲಿ. ಬೇರೆಬೇರೆ ದಪ್ಪ ಬೆರೆತರೆ ಪಟ್ಟಿಯ ಅಂಚು ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ಬಳುಕುತ್ತದೆ.

ಬೇಕಾಗುವ ನೂಲು ತೀರಾ ಕಡಿಮೆ. ಒಟ್ಟು 80ರಿಂದ 100 ಮೀಟರ್, ತೂಕದಲ್ಲಿ 50 ಗ್ರಾಂ ಒಳಗೆ. ಅತಿ ಹೆಚ್ಚು ಬೇಕಾದ ಒಂಟೆಬಣ್ಣಕ್ಕೇ 25 ಮೀಟರ್ ಇದ್ದರೆ ಸಾಕು. ಏಳು ಉಂಡೆ ಕೊಳ್ಳುವುದು ದುಬಾರಿ ಅನಿಸಿದರೆ ಇಬ್ಬರು ಮೂವರು ಗೆಳತಿಯರು ಸೇರಿ ಕೊಂಡು ಹಂಚಿಕೊಳ್ಳಿ. ಮನೆಯಲ್ಲಿ ಹಳೆಯ ಸ್ವೆಟರ್ ಹೆಣೆದು ಉಳಿದ ನೂಲಿದ್ದರೆ ಇನ್ನೂ ಒಳ್ಳೆಯದು.

ಉಳಿದ ಸಾಮಾನು

4 ಮಿ.ಮೀ. ಕಡ್ಡಿ ಒಂದು ಜೊತೆ. ಹಳೆಯ ಲೆಕ್ಕದಲ್ಲಿ ಇದು 8ನೇ ನಂಬರ್. ನೀಲಗಿರಿಯ ಕೇತಿಯಲ್ಲಿ ತಯಾರಾಗುವ ಪೋನಿ ಕಡ್ಡಿಗಳು ನಮ್ಮ ಕಡೆಯ ಉಣ್ಣೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತವೆ. ಹೊಸಬರಿಗೆ ಬಿದಿರಿನ ಕಡ್ಡಿ ಅನುಕೂಲ, ಕುಣಿಕೆ ಜಾರುವುದಿಲ್ಲ. ಕೊನೆಗೆ ಕುಣಿಕೆ ಮುಚ್ಚಲು 5 ಮಿ.ಮೀ. ಕಡ್ಡಿ ಒಂದಿದ್ದರೆ ಒಳ್ಳೆಯದು. ಮೊಂಡು ತುದಿಯ ದೊಡ್ಡ ಸೂಜಿ, ಟೇಪು, ಕತ್ತರಿ, ಎರಡು ಮೂರು ಪಿನ್ನು, ಬಿದ್ದ ಕುಣಿಕೆ ಎತ್ತಲು ತುದಿಯಲ್ಲಿ ಕೊಕ್ಕೆಯಿರುವ ಒಂದು ಕ್ರೋಶಾ ಕಡ್ಡಿ. ಇಷ್ಟೇ.

ತಲೆಯ ಅಳತೆ

ಕಿವಿಪಟ್ಟಿ ಕೆಡುವುದು ಹೆಣಿಗೆಯಿಂದಲ್ಲ, ಅಳತೆಯಿಂದ. ಸಡಿಲವಾದರೆ ಹುಬ್ಬಿನ ಮೇಲೆ ಜಾರುತ್ತದೆ, ಗಾಳಿ ಒಳಗೆ ನುಗ್ಗುತ್ತದೆ. ಟೇಪನ್ನು ಹಣೆಯ ನಡುವಿನಿಂದ ಎರಡೂ ಕಿವಿಯ ಮೇಲೆ ಹಾಯಿಸಿ ತಲೆಯ ಹಿಂದಿನ ಉಬ್ಬಿನ ಕೆಳಗೆ ಸೇರಿಸಿ. ದೊಡ್ಡವರಿಗೆ ಸಾಮಾನ್ಯವಾಗಿ 54ರಿಂದ 58 ಸೆಂ.ಮೀ. ಬರುತ್ತದೆ.

ಪಟ್ಟಿಯನ್ನು ಇದಕ್ಕಿಂತ ಚಿಕ್ಕದಾಗಿ ಹೆಣೆಯಬೇಕು. 56 ಸೆಂ.ಮೀ. ತಲೆಗೆ 48 ಸೆಂ.ಮೀ. ಪಟ್ಟಿ. ಅಷ್ಟು ಬಿಗಿಯಾದರೆ ತಲೆನೋವು ಬರುವುದಿಲ್ಲವೇ ಅಂತ ಕೇಳಬಹುದು. ಇಲ್ಲ. ಗಾರ್ಟರ್ ಹೆಣಿಗೆಯ ಸಾಲುಗಳು ಮಡಚಿಕೊಂಡು ಕುಳಿತಿರುತ್ತವೆ. ಸಾಲು ಏರುತ್ತ ಹೋಗುವ ದಿಕ್ಕಿಗೆ ಎಳೆದರೆ ಅವು ಬಿಚ್ಚಿಕೊಂಡು ಚೆನ್ನಾಗಿ ಹಿಗ್ಗುತ್ತವೆ. ನಾವು ಹೆಣೆಯುವ ಪಟ್ಟಿಯಲ್ಲಿ ಆ ದಿಕ್ಕು ತಲೆಯ ಸುತ್ತಲೂ ಬರುತ್ತದೆ. ಇಲಾಸ್ಟಿಕ್ ಬೇಕಾಗುವುದೇ ಇಲ್ಲ. ಆ ಮಡಿಕೆಗಳ ನಡುವೆ ಗಾಳಿ ನಿಲ್ಲುವುದರಿಂದ ಬೆಚ್ಚಗೂ ಇರುತ್ತದೆ.

ಅಗಲ 11 ಸೆಂ.ಮೀ. ಕಿವಿ ಪೂರ್ತಿ ಮುಚ್ಚಿ ಮೇಲೆ ಕೆಳಗೆ ಒಂದೊಂದು ಬೆರಳಿನಷ್ಟು ಉಳಿಯುತ್ತದೆ. ಮಂಕಿ ಕ್ಯಾಪ್‌ಗಿಂತ ಇದರಲ್ಲಿ ಒಂದು ದೊಡ್ಡ ಅನುಕೂಲ: ನೆತ್ತಿ ತೆರೆದಿರುತ್ತದೆ. ತುರುಬು, ಎತ್ತರದ ಜಡೆ ಯಾವುದನ್ನೂ ಬಿಚ್ಚಬೇಕಿಲ್ಲ.

ಮಾದರಿ ತುಂಡು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೆಣಿಗೆ ಹೊಸದಾದರೆ ಇದೇ ನಿಮ್ಮ ಅಭ್ಯಾಸದ ತುಂಡೂ ಆಗುತ್ತದೆ. ಕುಣಿಕೆ ಏರಿಸುವುದು, ನಿಟ್ ಮಾಡುವುದು ಹೇಗೆಂದು ಮುಂದಿನ ಎರಡು ಭಾಗಗಳಲ್ಲಿದೆ, ಮೊದಲು ಅವನ್ನು ಓದಿಕೊಳ್ಳಿ. ಯಾವುದಾದರೂ ಒಂದು ಬಣ್ಣದಲ್ಲಿ 30 ಕುಣಿಕೆ ಏರಿಸಿ 50 ಸಾಲು ಹೆಣೆಯಿರಿ. ನೀರಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆದು ಒಣಗಿಸಿ. ಆಮೇಲೆ ನಡುಭಾಗದಲ್ಲಿ 10 ಸೆಂ.ಮೀ. ಅಳೆದು ಎಣಿಸಿ. ಅಡ್ಡಕ್ಕೆ 20 ಕುಣಿಕೆ, ಉದ್ದಕ್ಕೆ 40 ಸಾಲು ಇರಬೇಕು. ಎರಡು ಸಾಲಿಗೆ ಒಂದು ಉಬ್ಬುಗೆರೆ ಕಾಣುತ್ತದೆ. ಆದ್ದರಿಂದ 20 ಉಬ್ಬುಗೆರೆ ಎಣಿಸಿದರೆ ಅದೇ 40 ಸಾಲು.

ಕುಣಿಕೆ 20ಕ್ಕಿಂತ ಜಾಸ್ತಿ ಬಂದರೆ ನಿಮ್ಮ ಕೈ ಬಿಗಿ, 4.5 ಮಿ.ಮೀ. ಕಡ್ಡಿ ತೆಗೆದುಕೊಳ್ಳಿ. ಕಡಿಮೆ ಬಂದರೆ 3.75 ಮಿ.ಮೀ. ಕಡ್ಡಿ ಬದಲಿಸಲು ಆಗದಿದ್ದರೆ ಲೆಕ್ಕ ಬದಲಿಸಿ. ಹತ್ತು ಸೆಂಟಿಮೀಟರಿನ ಕುಣಿಕೆಗಳನ್ನು 1.1ರಿಂದ ಗುಣಿಸಿದರೆ ಅಗಲಕ್ಕೆ ಬೇಕಾದ ಕುಣಿಕೆ. ಹತ್ತು ಸೆಂಟಿಮೀಟರಿನ ಸಾಲುಗಳನ್ನು 4.8ರಿಂದ ಗುಣಿಸಿದರೆ ಉದ್ದಕ್ಕೆ ಬೇಕಾದ ಸಾಲು. ಉದಾಹರಣೆಗೆ 36 ಸಾಲು ಬಂದಿದ್ದರೆ 36 × 4.8, ಅಂದರೆ ಸುಮಾರು 172. ಸಾಲುಗಳ ಸಂಖ್ಯೆ ಯಾವಾಗಲೂ ಸಮಸಂಖ್ಯೆ ಆಗಿರಲಿ. ಯಾಕೆಂದು ಬಣ್ಣ ಬದಲಿಸುವಾಗ ಹೇಳುತ್ತೇನೆ.

ಕುಣಿಕೆ ಏರಿಸುವುದು

ನೇರಳೆ ನೂಲಿನಿಂದ ಶುರು. ತುದಿಯಲ್ಲಿ 75 ಸೆಂ.ಮೀ. ಬಾಲ ಬಿಟ್ಟು ಒಂದು ಜಾರುಗಂಟು ಹಾಕಿ ಕಡ್ಡಿಗೆ ಏರಿಸಿ. ಇದೇ ಮೊದಲ ಕುಣಿಕೆ. ಕಡ್ಡಿ ಬಲಗೈಯಲ್ಲಿರಲಿ. ಎಡಗೈ ಹೆಬ್ಬೆರಳಿನ ಮೇಲೆ ಬಾಲದ ನೂಲು, ತೋರುಬೆರಳಿನ ಮೇಲೆ ಉಂಡೆಯ ನೂಲು. ಉಳಿದ ಬೆರಳುಗಳಿಂದ ಎರಡನ್ನೂ ಅಂಗೈಗೆ ಒತ್ತಿಕೊಳ್ಳಿ. ಈಗ ಕಡ್ಡಿಯ ತುದಿಯನ್ನು ಹೆಬ್ಬೆರಳಿನ ಹೊರಗಿನ ಎಳೆಯ ಕೆಳಗಿನಿಂದ ಮೇಲಕ್ಕೆ ತೂರಿಸಿ. ತೋರುಬೆರಳಿನ ಎಳೆಯನ್ನು ಮೇಲಿನಿಂದ ಹಿಡಿಯಿರಿ. ಅದನ್ನು ಹೆಬ್ಬೆರಳಿನ ಕುಣಿಕೆಯೊಳಗಿಂದ ಎಳೆದು ತನ್ನಿ. ಹೆಬ್ಬೆರಳು ಬಿಡಿಸಿ, ಬಾಲವನ್ನು ಮೆಲ್ಲಗೆ ಎಳೆದು ಬಿಗಿ ಮಾಡಿ. ಹೀಗೆ 22 ಕುಣಿಕೆ ಆಗುವವರೆಗೆ.

ಬಿಗಿಯಾಗಿ ಎಳೆಯಬೇಡಿ. ಕುಣಿಕೆಗಳು ಕಡ್ಡಿಯ ಮೇಲೆ ಸಲೀಸಾಗಿ ಜಾರಬೇಕು. ಉಳಿದ ಬಾಲವನ್ನು ಕತ್ತರಿಸಬೇಡಿ, ಕೊನೆಯಲ್ಲಿ ಹೊಲಿಯಲು ಅದೇ ಬೇಕು. ಸುತ್ತಿ ಪಿನ್ನು ಹಾಕಿಡಿ.

ನಿಟ್ ಹೆಣಿಗೆ

ಕುಣಿಕೆ ಇರುವ ಕಡ್ಡಿ ಎಡಗೈಗೆ, ಖಾಲಿ ಕಡ್ಡಿ ಬಲಗೈಗೆ. ನೂಲು ಹಿಂದೆ ಇರಲಿ. ಬಲಗಡ್ಡಿಯನ್ನು ಮೊದಲ ಕುಣಿಕೆಯೊಳಗೆ ಎಡದಿಂದ ಬಲಕ್ಕೆ, ಮುಂದಿನಿಂದ ಹಿಂದಕ್ಕೆ ತೂರಿಸಿ. ನೂಲನ್ನು ಬಲಗಡ್ಡಿಯ ತುದಿಗೆ ಕೆಳಗಿನಿಂದ ಮೇಲಕ್ಕೆ ಒಂದು ಸುತ್ತು ಹಾಕಿ. ಆ ಸುತ್ತನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆದುಕೊಳ್ಳಿ. ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಬಿಡಿ. ಒಂದು ನಿಟ್ ಆಯಿತು. ಸಾಲು ಮುಗಿದ ಮೇಲೆ ಕಡ್ಡಿಗಳನ್ನು ಅದಲುಬದಲು ಮಾಡಿ ಮತ್ತೆ ಅದನ್ನೇ ಮಾಡಿ.

ಮೊದಲ ಸಾಲು ಪೂರ್ತಿ ನಿಟ್ ಮಾಡಿ. ಈ ಸಾಲು ಹೆಣೆಯುವಾಗ ನಿಮ್ಮ ಕಡೆಗಿರುವ ಮುಖವೇ ಪಟ್ಟಿಯ ಮುಂಭಾಗ. ಅಲ್ಲಿ ಒಂದು ಪಿನ್ನು ಸಿಕ್ಕಿಸಿ. ಗಾರ್ಟರ್ ಎರಡೂ ಕಡೆ ಒಂದೇ ಥರ ಕಾಣುವುದರಿಂದ ಈ ಪಿನ್ನು ಕೊನೆಯವರೆಗೂ ಬೇಕು.

ಎರಡನೇ ಸಾಲಿನಿಂದ ಅಂಚು ಅಚ್ಚುಕಟ್ಟಾಗಿ ಬರಲು ಹೀಗೆ ಮಾಡಿ. ನೂಲನ್ನು ಮುಂದೆ ತನ್ನಿ. ಮೊದಲ ಕುಣಿಕೆಯನ್ನು ಹೆಣೆಯದೆ, ಬಲಗಡ್ಡಿಯನ್ನು ಬಲದಿಂದ ಎಡಕ್ಕೆ ತೂರಿಸಿ ಸುಮ್ನೆ ದಾಟಿಸಿ. ನೂಲನ್ನು ಎರಡು ಕಡ್ಡಿಗಳ ನಡುವಿನಿಂದ ಹಿಂದಕ್ಕೆ ಹಾಕಿ, ಉಳಿದ 21 ಕುಣಿಕೆ ನಿಟ್ ಮಾಡಿ. ಅಂಚಿನಲ್ಲಿ ಸರಪಳಿಯಂಥ ನೇರ ಗೆರೆ ಬರುತ್ತದೆ. ಬಣ್ಣ ಬದಲಿಸುವ ಸಾಲಿನಲ್ಲಿ ಮಾತ್ರ ಇದನ್ನು ಮಾಡಬೇಡಿ. ಅಲ್ಲಿ ಮೊದಲ ಕುಣಿಕೆಯನ್ನೂ ಹೊಸ ಬಣ್ಣದಲ್ಲಿ ಹೆಣೆಯಿರಿ.

ಪಟ್ಟೆಗಳ ಲೆಕ್ಕ

ಒಟ್ಟು 15 ಪಟ್ಟೆ, 192 ಸಾಲು, 48 ಸೆಂ.ಮೀ. ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಒಂದೊಂದು ಪಟ್ಟೆ ಮುಗಿದಂತೆ ಗೀಟು ಹಾಕಿ.

1. ನೇರಳೆ: 8 ಸಾಲು
2. ಒಂಟೆಬಣ್ಣ: 28 ಸಾಲು
3. ಕಂಚು: 10 ಸಾಲು
4. ಸಾಸಿವೆ: 8 ಸಾಲು
5. ತುಕ್ಕು ಕೆಂಪು: 16 ಸಾಲು
6. ಬೂದು: 10 ಸಾಲು
7. ಹಸಿರು: 18 ಸಾಲು
8. ಸಾಸಿವೆ: 6 ಸಾಲು
9. ಒಂಟೆಬಣ್ಣ: 24 ಸಾಲು
10. ತುಕ್ಕು ಕೆಂಪು: 10 ಸಾಲು
11. ನೇರಳೆ: 8 ಸಾಲು
12. ಹಸಿರು: 14 ಸಾಲು
13. ಕಂಚು: 8 ಸಾಲು
14. ಬೂದು: 12 ಸಾಲು
15. ಸಾಸಿವೆ: 12 ಸಾಲು

ಜೋಡಣೆ ತಲೆಯ ಹಿಂದೆ ಬಂದಾಗ ಹಣೆಯ ನಡುವೆ ಏಳನೇ ಪಟ್ಟೆ, ಅಂದರೆ ಹಸಿರು ನಿಲ್ಲುತ್ತದೆ. ಅದರ ಪಕ್ಕ ಸಾಸಿವೆಯ ಸಣ್ಣ ಗೆರೆ. ಕನ್ನಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ. ಹಸಿರು ನಿಮ್ಮ ಮುಖಕ್ಕೆ ಹೊಂದದಿದ್ದರೆ ಏಳು ಮತ್ತು ಐದನೇ ಪಟ್ಟೆಗಳ ಬಣ್ಣ ಅದಲುಬದಲು ಮಾಡಿ, ತುಕ್ಕು ಕೆಂಪು ಮುಂದೆ ಬರುತ್ತದೆ.

ಮಕ್ಕಳ ತಲೆ 50ರಿಂದ 52 ಸೆಂ.ಮೀ. ಇದ್ದರೆ 18 ಕುಣಿಕೆ ಸಾಕು. ಎರಡು ಒಂಟೆಬಣ್ಣದ ಪಟ್ಟೆಗಳಲ್ಲಿ ಎಂಟೆಂಟು ಸಾಲು ಕಡಿಮೆ ಮಾಡಿ. 176 ಸಾಲಿಗೆ 44 ಸೆಂ.ಮೀ. ಆಗುತ್ತದೆ. ತಲೆ 60 ಸೆಂ.ಮೀ. ದಾಟಿದ್ದರೆ ಅವೇ ಪಟ್ಟೆಗಳಿಗೆ ಎಂಟೆಂಟು ಸಾಲು ಸೇರಿಸಿ, 52 ಸೆಂ.ಮೀ. ಬರುತ್ತದೆ. ಸಣ್ಣ ಪಟ್ಟೆಗಳನ್ನು ಮುಟ್ಟಬೇಡಿ.

ಬಣ್ಣ ಬದಲಿಸುವುದು

ಎಲ್ಲ ಪಟ್ಟೆಗಳೂ ಸಮಸಂಖ್ಯೆಯ ಸಾಲುಗಳಲ್ಲಿ ಮುಗಿಯುವುದನ್ನು ಗಮನಿಸಿದಿರಲ್ವಾ? ಗಾರ್ಟರ್‌ನಲ್ಲಿ ಬಣ್ಣ ಬದಲಾದ ಕಡೆ ಒಂದು ಮುಖದಲ್ಲಿ ಗೆರೆ ಎಳೆದಂತೆ ಸ್ವಚ್ಛವಾಗಿ ಕಾಣುತ್ತದೆ. ಇನ್ನೊಂದು ಮುಖದಲ್ಲಿ ಎರಡು ಬಣ್ಣಗಳ ಚುಕ್ಕೆಗಳು ಬೆರೆತು ಕಾಣುತ್ತವೆ. ಹೊಸ ಬಣ್ಣವನ್ನು ಯಾವಾಗಲೂ ಪಿನ್ನು ಇರುವ ಮುಖ ನಿಮ್ಮ ಕಡೆಗಿದ್ದಾಗಲೇ ಶುರು ಮಾಡಿದರೆ ಚುಕ್ಕೆಗಳೆಲ್ಲ ಹಿಂಭಾಗಕ್ಕೆ ಹೋಗುತ್ತವೆ. ಒಂದು ಸಾಲು ಆಚೀಚೆ ಆದರೂ ಆ ಪಟ್ಟೆ ಉಳಿದವುಗಳಿಗಿಂತ ಬೇರೆಯಾಗಿ ಎದ್ದು ಕಾಣುತ್ತದೆ.

ಹಳೆಯ ನೂಲನ್ನು 15 ಸೆಂ.ಮೀ. ಬಿಟ್ಟು ಕತ್ತರಿಸಿ. ಹೊಸದರಲ್ಲೂ 15 ಸೆಂ.ಮೀ. ಬಾಲ ಬಿಟ್ಟು ಸೀದಾ ಹೆಣೆಯಲು ಶುರು ಮಾಡಿ. ಮೊದಲ ಎರಡು ಮೂರು ಕುಣಿಕೆ ಸಡಿಲ ಕಾಣುತ್ತವೆ. ಸಾಲು ಮುಗಿದ ಮೇಲೆ ಬಾಲ ಎಳೆದರೆ ಸರಿಹೋಗುತ್ತದೆ. ಗಂಟು ಹಾಕಬೇಡಿ. ಗಂಟು ಕಿವಿಗೆ ಒತ್ತುತ್ತದೆ, ಒಂದಲ್ಲ ಒಂದು ದಿನ ಮುಂಭಾಗಕ್ಕೆ ಇಣುಕುತ್ತದೆ. ನೂಲು ಕತ್ತರಿಸದೆ ಅಂಚಿನಲ್ಲಿ ಎಳೆದುಕೊಂಡು ಹೋಗುವ ಆಸೆಯೂ ಬರುತ್ತದೆ. ಇಷ್ಟು ಅಗಲದ ಪಟ್ಟೆಗಳಲ್ಲಿ ಅದು ಅಂಚನ್ನು ಬಿಗಿದು ಸುಕ್ಕು ಮಾಡುತ್ತದೆ.

15 ಪಟ್ಟೆಗೆ 30 ತುದಿಗಳಾಗುತ್ತವೆ. ಕೊನೆಯಲ್ಲಿ ಒಮ್ಮೆಗೇ ಸೇರಿಸಲು ಹೊರಟರೆ ಬೇಸರ ಬರುತ್ತದೆ. ಎರಡು ಮೂರು ಪಟ್ಟೆಗೊಮ್ಮೆ ಸೂಜಿ ಹಿಡಿದು ಸೇರಿಸಿಬಿಡಿ. ಹಿಂಭಾಗದಲ್ಲಿ ಅದೇ ಬಣ್ಣದ ಉಬ್ಬುಗೆರೆಯ ಜಾಡಿನಲ್ಲೇ 5 ಸೆಂ.ಮೀ. ಸಾಗಿ, ತಿರುಗಿ ಪಕ್ಕದ ಗೆರೆಯಲ್ಲಿ ಸ್ವಲ್ಪ ವಾಪಸ್ಸು ಬನ್ನಿ. ಪಟ್ಟಿಯನ್ನು ಒಮ್ಮೆ ಹಿಗ್ಗಿಸಿ ಬಿಟ್ಟ ಮೇಲೆ ಉಳಿದ ತುಂಡು ಕತ್ತರಿಸಿ. ಹಿಗ್ಗಿಸದೆ ಕತ್ತರಿಸಿದರೆ ತೊಟ್ಟಾಗ ತುದಿ ಒಳಗೆ ಸರಿದು ಬಿಚ್ಚಿಕೊಳ್ಳುತ್ತದೆ.

ನಡುವೆ ಎಡವಟ್ಟಾದರೆ

ಕುಣಿಕೆ 23, 24 ಆಗುತ್ತಿದ್ದರೆ ಕಾರಣ ಬಹುತೇಕ ಅಂಚಿನಲ್ಲೇ ಇರುತ್ತದೆ. ಸಾಲಿನ ಶುರುವಿನಲ್ಲಿ ನೂಲು ಕಡ್ಡಿಯ ಮೇಲೆ ಹಾದು ಹಿಂದಕ್ಕೆ ಹೋದರೆ ಮೊದಲ ಕುಣಿಕೆಯ ಎರಡು ಕಾಲುಗಳು ಎರಡು ಕುಣಿಕೆಯಂತೆ ಕಾಣುತ್ತವೆ. ಎರಡನ್ನೂ ಹೆಣೆದರೆ ಒಂದು ಹೆಚ್ಚಾಯಿತು. ನೂಲು ಯಾವಾಗಲೂ ಕಡ್ಡಿಗಳ ನಡುವಿನಿಂದಲೇ ಹಿಂದೆ ಹೋಗಬೇಕು. ಪ್ರತಿ ಪಟ್ಟೆ ಮುಗಿದಾಗ ಒಮ್ಮೆ 22 ಇದೆಯೇ ಎಣಿಸಿ.

ಕುಣಿಕೆ ಬಿದ್ದರೆ ಗಾಬರಿ ಬೇಡ. ಮೊದಲು ಅದಕ್ಕೆ ಪಿನ್ನು ಹಾಕಿ, ಇನ್ನೂ ಕೆಳಗೆ ಇಳಿಯುವುದಿಲ್ಲ. ಗಾರ್ಟರ್‌ನಲ್ಲಿ ಎತ್ತುವಾಗ ಒಂದು ಅಡ್ಡ ಎಳೆಯನ್ನು ಕ್ರೋಶಾ ಕಡ್ಡಿಯಿಂದ ಮುಂಭಾಗದಿಂದ ಎಳೆದರೆ ಮುಂದಿನದನ್ನು ಹಿಂಭಾಗದಿಂದ ಎಳೆಯಬೇಕು. ಹೀಗೆ ಒಂದು ಬಿಟ್ಟು ಒಂದು. ಎಲ್ಲವನ್ನೂ ಒಂದೇ ಕಡೆಯಿಂದ ಎತ್ತಿದರೆ ಅಲ್ಲೊಂದು ನುಣುಪು ಗೀರು ಉಳಿದುಬಿಡುತ್ತದೆ.

ಮುಚ್ಚುವುದು, ತೊಳೆಯುವುದು, ಜೋಡಿಸುವುದು

192ನೇ ಸಾಲಿನ ನಂತರ ಸಾಸಿವೆ ನೂಲಿನಲ್ಲೇ, 5 ಮಿ.ಮೀ. ಕಡ್ಡಿ ಬಲಗೈಯಲ್ಲಿ ಹಿಡಿದು ಮುಚ್ಚಿ. ಎರಡು ಕುಣಿಕೆ ನಿಟ್ ಮಾಡಿ, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡಿ. ಇನ್ನೊಂದು ನಿಟ್, ಮತ್ತೆ ದಾಟಿಸಿ. ಕೊನೆಯ ಕುಣಿಕೆಯೊಳಗೆ ನೂಲು ಎಳೆದು ಮುಗಿಸಿ.

ಹೊಲಿಯುವ ಮೊದಲು ತೊಳೆಯಬೇಕು. ಅದಕ್ಕೂ ಮೊದಲು ನೇರಳೆ ಮತ್ತು ತುಕ್ಕು ಕೆಂಪು ನೂಲನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ. ಬಿಡುವಂತಿದ್ದರೆ ತಣ್ಣೀರು ಮಾತ್ರ ಬಳಸಿ, ನೆನೆಯಲು ಬಿಡಬೇಡಿ. ಇಲ್ಲದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಒಣ ಟವೆಲಿನ ಮೇಲೆ ಚಪ್ಪಟೆಯಾಗಿ ಹರಡಿ, 11 × 48 ಸೆಂ.ಮೀ.ಗೆ ಕೈಯಿಂದ ಸರಿಪಡಿಸಿ ನೆರಳಲ್ಲಿ ಒಣಗಿಸಿ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗಿಬಿಡುತ್ತದೆ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಲೇಬೇಡಿ. ಶಾಖಕ್ಕೆ ಎಳೆಯ ಪುಟಿತ ಸತ್ತು ಜೋಲುಬಟ್ಟೆಯಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಒಣಗಿದ ಮೇಲೆ ಎರಡು ತುದಿಗಳನ್ನು ತಲೆಗೆ ಸುತ್ತಿ ಪಿನ್ನು ಹಾಕಿ ಹತ್ತು ನಿಮಿಷ ತೊಟ್ಟು ನೋಡಿ. ಬಿಗಿ ಅಥವಾ ಸಡಿಲ ಅನಿಸಿದರೆ ಮುಚ್ಚಿದ ಸಾಲನ್ನು ಬಿಚ್ಚಿ ಸಾಸಿವೆ ಪಟ್ಟೆಯಲ್ಲಿ ಎರಡು ನಾಲ್ಕು ಸಾಲು ಸೇರಿಸಬಹುದು, ತೆಗೆಯಬಹುದು.

ಹೊಲಿಯುವಾಗ ಅಂಚುಗಳನ್ನು ಒಂದರ ಮೇಲೊಂದು ಇಡದೆ, ಮುಂಭಾಗ ಮೇಲೆ ಬರುವಂತೆ ಎದುರುಬದುರು ತಾಗಿಸಿ ಇಡಿ. ಶುರುವಿನಲ್ಲಿ ಉಳಿಸಿದ ನೇರಳೆ ಬಾಲಕ್ಕೆ ಸೂಜಿ ಪೋಣಿಸಿ. ಈ ಕಡೆಯ ಒಂದು ಕುಣಿಕೆಯ ಕೆಳಗೆ ತೂರಿ, ಆ ಕಡೆಯ ಎದುರಿನ ಕುಣಿಕೆಯ ಕೆಳಗೆ ತೂರಿ. ನಾಲ್ಕೈದು ಆದ ಮೇಲೆ ಮೆಲ್ಲಗೆ ಎಳೆಯಿರಿ, ಅಂಚುಗಳು ಹತ್ತಿರ ಬಂದು ಹೊಲಿಗೆ ಒಳಗೆ ಸೇರಿಕೊಳ್ಳುತ್ತದೆ. 22 ಕುಣಿಕೆಗೆ 22 ಹೊಂದಬೇಕು.

ಮೂಲ ಸ್ಕಾರ್ಫಿನ ತುದಿಗಳಲ್ಲಿ ಗೊಂಡೆಗಳಿವೆ. ಜೋಡಣೆಯ ಕೆಳಗೆ ಒಂದೆರಡು ಗೊಂಡೆ ಕಟ್ಟುವವರೂ ಇದ್ದಾರೆ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಜಾಕೆಟ್ಟಿನ ಕಾಲರಿಗೆ ಸಿಕ್ಕಿ ಕತ್ತಿಗೆ ಕಚಗುಳಿ ಇಡುತ್ತದೆ. ದಿನವೂ ತೊಡುವುದಾದರೆ ನನ್ನ ಮಾತು ಕೇಳಿ, ಬಿಟ್ಟುಬಿಡಿ.

ಗಾಳಿ ಜಾಸ್ತಿ ಇರುವ ಊರಿಗೆ ಒಳಪದರ

ಹೆಣಿಗೆ ಎಷ್ಟೇ ದಪ್ಪವಿದ್ದರೂ ಜೋರು ಗಾಳಿ ಅದರೊಳಗಿಂದ ನುಗ್ಗುತ್ತದೆ. ಬೈಕಿನಲ್ಲಿ, ಸೈಕಲ್ಲಿನಲ್ಲಿ ಹೋಗುವವರಿಗೆ, ಸಮುದ್ರದ ತಣ್ಣನೆ ಗಾಳಿ ಬೀಸುವ ಊರಿನಲ್ಲಿರುವವರಿಗೆ ಒಳಗೆ ಫ್ಲೀಸ್ ಬಟ್ಟೆ ಬೇಕು. ಇಡೀ ಪಟ್ಟಿಗೆ ಹೊಲಿದರೆ ಹಿಗ್ಗುವ ಗುಣ ಹೋಗುತ್ತದೆ. ಕಿವಿಯ ಜಾಗಕ್ಕೆ ಮಾತ್ರ 9 × 10 ಸೆಂ.ಮೀ.ನ ಎರಡು ತುಂಡು ಸಾಕು. ಪಟ್ಟಿ ತೊಟ್ಟುಕೊಂಡು ಕಿವಿ ಎಲ್ಲಿ ಬರುತ್ತದೋ ಅಲ್ಲಿ ಪಿನ್ನು ಹಾಕಿ ಗುರುತು ಮಾಡಿ. ಸಾಮಾನ್ಯವಾಗಿ ಜೋಡಣೆಯಿಂದ ಎರಡೂ ಕಡೆಗೆ 12 ಸೆಂ.ಮೀ. ಆಸುಪಾಸು. ಸಣ್ಣ ಸೂಜಿಯಿಂದ, ಮುಂಭಾಗಕ್ಕೆ ಕಾಣದಂತೆ ಉಬ್ಬುಗೆರೆಗಳಿಗಷ್ಟೇ ತಾಗಿಸಿ, ಸಡಿಲವಾಗಿ ಹೊಲಿಯಿರಿ.

ಇದೇ ಲೆಕ್ಕದಲ್ಲಿ ಬೇರೆ ಬಣ್ಣ

ಟಾಮ್ ಬೇಕರ್ ಅವರ ಕೊನೆಯ ಸರಣಿ, 1980-81ರದ್ದು, ಬೇರೆಯದೇ ರೂಪ. ವಸ್ತ್ರವಿನ್ಯಾಸಕಿ ಜೂನ್ ಹಡ್ಸನ್ ಇಡೀ ಉಡುಪನ್ನು ಗಾಢ ಕೆಂಪಿಗೆ ತಿರುಗಿಸಿದರು. ಸ್ಕಾರ್ಫ್ ಕೂಡ ಕೆಂಪು-ನೇರಳೆ ಛಾಯೆಗಳಿಗೆ ಬಂತು. ಅದು ಇಷ್ಟವಾದವರು ತುಕ್ಕು ಕೆಂಪು, ಗಾಢ ಕೆಂಪು, ನೇರಳೆ ಮೂರೇ ಬಣ್ಣ ಕೊಂಡು, ಅದೇ 15 ಪಟ್ಟೆಗಳನ್ನು ಸರದಿಯಲ್ಲಿ ಹೆಣೆಯಿರಿ. ಐದು ಸುತ್ತಿಗೆ ಸರಿಯಾಗಿ ಮುಗಿಯುತ್ತದೆ. ನೂಲಿನ ಖರ್ಚೂ ಕಡಿಮೆ.

ಚಳಿ ದೇಶಗಳ ಕನ್ನಡ ಕೂಟಗಳಲ್ಲಿ ನವೆಂಬರಿನ ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಪಟ್ಟಿ ಬೇಕೆನ್ನುವವರಿಗೂ ಇದೇ 22 ಕುಣಿಕೆ, ಇದೇ 192 ಸಾಲು. ಅಲ್ಲಿ ಮಾತ್ರ ಪಟ್ಟೆಗಳು ಸಮವಾಗಿರಲಿ, ಹನ್ನೆರಡು ಸಾಲಿನ 16 ಪಟ್ಟೆ. 15 ಮಾಡಿದರೆ ಜೋಡಣೆಯಲ್ಲಿ ಒಂದೇ ಬಣ್ಣ ಎರಡು ಸಲ ಬರುತ್ತದೆ.

ಡಾಕ್ಟರ್‌ನ ಪಟ್ಟಿಯನ್ನು ಮಾರುವ ಯೋಚನೆ ಇದ್ದರೆ ಒಂದು ಮಾತು. ನಿಮಗಾಗಿ, ಗೆಳೆಯರಿಗಾಗಿ ಹೆಣೆಯುವುದು ಒಂದು, ಧಾರಾವಾಹಿಯ ಹೆಸರು ಹಾಕಿ ವ್ಯಾಪಾರ ಮಾಡುವುದು ಇನ್ನೊಂದು. 2008ರಲ್ಲಿ ಒಬ್ಬ ಅಭಿಮಾನಿ ಈ ಧಾರಾವಾಹಿಯ ಪಾತ್ರಗಳ ಹೆಣಿಗೆ ಮಾದರಿಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾಗ, ಬಿಬಿಸಿ ಅವನ್ನು ತೆಗೆಯುವಂತೆ ಹೇಳಿತ್ತು. ಹೆಸರು, ಲೋಗೊ ಇಲ್ಲದೆ 'ಏಳು ಬಣ್ಣದ ಕಿವಿಪಟ್ಟಿ' ಎಂದು ಕರೆಯಿರಿ. ಗೊತ್ತಿರುವವರು ಆ ಏರುಪೇರಿನ ಪಟ್ಟೆಗಳನ್ನು ನೋಡಿಯೇ ಗುರುತು ಹಿಡಿಯುತ್ತಾರೆ.